ಹಾರ್ಡ್‌ವೇರ್ ವಿಮರ್ಶೆ ಬರೆಯಲು ಹೊರಟಿದ್ದೇನೆ, ಅನುಭವ ಇರುವವರು ಹೇಳಿ

ಪ್ರಶ್ನೆ:

ಕೆಲವು ವರ್ಷಗಳಿಂದ ಗೆಳೆಯರಿಗೆ ಪಿಸಿ ಜೋಡಿಸಿ ಕೊಡುತ್ತಿದ್ದೇನೆ. ಯಾವ ಗ್ರಾಫಿಕ್ಸ್ ಕಾರ್ಡ್ ತಗೊಳ್ಳಲಿ, ಯಾವ ಮೌಸ್ ಒಳ್ಳೆಯದು ಅಂತ ಕೇಳುವವರು ಜಾಸ್ತಿಯಾಗಿದ್ದಾರೆ. ಹಾಗಾಗಿ ವಿಮರ್ಶೆಗಳನ್ನು ಕನ್ನಡದಲ್ಲೇ ಬರೆಯೋಣ ಅನ್ನಿಸಿದೆ. ನನ್ನ ಹತ್ತಿರ ಲ್ಯಾಬ್ ಇಲ್ಲ, ದುಬಾರಿ ಉಪಕರಣವೂ ಇಲ್ಲ. ಒಂದು ಒಳ್ಳೆಯ ಪಿಸಿ, ಒಂದು ಥರ್ಮಾಮೀಟರ್, ಬೇಕಾದಷ್ಟು ತಾಳ್ಮೆ ಇದೆ. ಏನನ್ನು ಅಳೆಯಬೇಕು, ಏನನ್ನು ಬಿಡಬೇಕು? ಎಲ್ಲಿಂದ ಶುರು ಮಾಡಲಿ?

ಗ್ರಾಫಿಕ್ಸ್ ಕಾರ್ಡ್, ಪ್ರೊಸೆಸರ್ ಪರೀಕ್ಷಿಸುವವರು:

ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ತೆರೆಗೆ ಬರುವ ಫ್ರೇಮ್, ಅಂದರೆ ಚಿತ್ರಗಳ ಎಣಿಕೆ) ಒಂದನ್ನೇ ಕೊಟ್ಟು ಮುಗಿಸಬೇಡಿ. ಸೆಕೆಂಡಿಗೆ 60 ಫ್ರೇಮ್ ಅಂದರೆ ಪ್ರತಿ ಫ್ರೇಮೂ 16.7 ಮಿಲಿಸೆಕೆಂಡಿಗೊಮ್ಮೆ ಬಂತು ಅಂತಲ್ಲ. 59 ಫ್ರೇಮ್ ಬೇಗ ಬೇಗ ಬಂದು, ಉಳಿದ ಒಂದು 100 ಮಿಲಿಸೆಕೆಂಡ್ ನಿಂತುಬಿಟ್ಟರೂ ಲೆಕ್ಕದಲ್ಲಿ ಅದು 60 ಎಫ್‌ಪಿಎಸ್ಸೇ. ಆಡುವವರಿಗೆ ಮಾತ್ರ ಆಟ ಗಕ್ಕನೆ ತಡೆದ ಹಾಗೆ ಕಾಣುತ್ತದೆ. 2011ರಲ್ಲಿ ದಿ ಟೆಕ್ ರಿಪೋರ್ಟ್ ಅನ್ನುವ ಹಾರ್ಡ್‌ವೇರ್ ವಿಮರ್ಶೆಯ ಜಾಲತಾಣದ ಸ್ಕಾಟ್ ವಾಸನ್ ಇದನ್ನು ಗ್ರಾಫ್ ಹಾಕಿ ತೋರಿಸಿದರು. ಒಂದೊಂದು ಫ್ರೇಮಿಗೂ ಹಿಡಿದ ಸಮಯ, ಅಂದರೆ ಫ್ರೇಮ್ ಟೈಮ್ ಅಳೆಯುವ ರೂಢಿ ಹಬ್ಬಿದ್ದು ಅದರ ನಂತರವೇ.

ನಿಮಗೆ ಬೇಕಾದ ಸಾಧನ ಉಚಿತವಾಗೇ ಸಿಗುತ್ತದೆ. ಫ್ರೇಮ್ ಟೈಮ್ ದಾಖಲಿಸುವ ಇಂಟೆಲ್‌ನ ಪ್ರೆಸೆಂಟ್‌ಮಾನ್ ಓಪನ್ ಸೋರ್ಸ್. ಅದರ ಮೇಲೆಯೇ ಕಟ್ಟಿದ ಕ್ಯಾಪ್‌ಫ್ರೇಮ್‌ಎಕ್ಸ್ ಗ್ರಾಫನ್ನೂ ಹಾಕಿ ಕೊಡುತ್ತದೆ. 1% ಲೋ ಅಂಕಿ (ಅತಿ ನಿಧಾನದ ಫ್ರೇಮ್‌ಗಳ ವೇಗ) ಖಂಡಿತ ಕೊಡಿ, ಆದರೆ ಹೇಗೆ ಲೆಕ್ಕ ಹಾಕಿದಿರಿ ಅಂತಲೂ ಬರೆಯಿರಿ. ಕೆಲವರು ಅತಿ ನಿಧಾನವಾದ 1% ಫ್ರೇಮ್‌ಗಳ ಸರಾಸರಿ ತೆಗೆಯುತ್ತಾರೆ, ಕೆಲವರು 99ನೇ ಪರ್ಸೆಂಟೈಲ್, ಅಂದರೆ 99% ಫ್ರೇಮ್‌ಗಳು ಅದಕ್ಕಿಂತ ಬೇಗ ಬಂದ ಗಡಿ ಅಂಕಿ, ತೆಗೆದುಕೊಳ್ಳುತ್ತಾರೆ. ಹೆಸರು ಒಂದೇ, ಅಂಕಿ ಬೇರೆ. ಇಬ್ಬರು ವಿಮರ್ಶಕರ ಅಂಕಿಗಳು ತಾಳೆಯಾಗದೆ ಓದುಗರು ಗೊಂದಲಕ್ಕೆ ಬೀಳಲು ಇದೂ ಒಂದು ಕಾರಣ.

ಆಟದೊಳಗೇ ಇರುವ ಬೆಂಚ್‌ಮಾರ್ಕ್ (ವೇಗ ಪರೀಕ್ಷೆ) ಸುಲಭ, ನಿಜ. ಆದರೆ ಎಷ್ಟೋ ಆಟಗಳಲ್ಲಿ ಅದು ನಿಜವಾದ ಆಟದಷ್ಟು ಭಾರ ಇರುವುದಿಲ್ಲ. ಜನ ತುಂಬಿದ ಪೇಟೆಯೋ, ದಟ್ಟ ಕಾಡೋ, ಆಟ ಹೆಚ್ಚು ಒದ್ದಾಡುವ ಒಂದು ಜಾಗ ಹುಡುಕಿ. ಪ್ರತಿ ಕಾರ್ಡಿನಲ್ಲೂ ಅದೇ ದಾರಿಯಲ್ಲಿ, ಅದೇ ವೇಗದಲ್ಲಿ ಓಡಿ. ಕಡಿಮೆ ಅಂದರೆ ಮೂರು ಸಲ. ಮೂರರಲ್ಲಿ ಒಂದು ದೂರ ಹೋದರೆ ಅದನ್ನು ಸುಮ್ನೆ ಸರಾಸರಿಯಲ್ಲಿ ಸೇರಿಸಬೇಡಿ, ಯಾಕೆ ಹೋಯಿತು ಅಂತ ನೋಡಿ.

ತಣ್ಣಗಿರುವ ಕಾರ್ಡ್ ಮೊದಲ ನಿಮಿಷಗಳಲ್ಲಿ ಜಾಸ್ತಿ ಕ್ಲಾಕ್‌ನಲ್ಲಿ, ಅಂದರೆ ಜಾಸ್ತಿ ವೇಗದಲ್ಲಿ ಓಡುತ್ತದೆ. ಅದು ಚೆನ್ನಾಗಿ ಕಾದು, ಫ್ಯಾನ್ ಒಂದು ವೇಗಕ್ಕೆ ನೆಲೆ ನಿಂತ ಮೇಲೆ ಅಳೆಯಿರಿ. ಕೋಣೆಯ ಉಷ್ಣತೆ ಬರೆದುಕೊಳ್ಳದ ಕೂಲರ್ ಪರೀಕ್ಷೆ ಯಾರ ಉಪಯೋಗಕ್ಕೂ ಬರುವುದಿಲ್ಲ. ಇಂದು 24 ಡಿಗ್ರಿ, ನಾಳೆ 31 ಡಿಗ್ರಿ ಇದ್ದರೆ ಎರಡು ಕೂಲರ್‌ಗಳನ್ನು ಪಕ್ಕ ಪಕ್ಕ ಇಡುವುದು ಹೇಗೆ? ಚಿಪ್‌ನ ಉಷ್ಣತೆಯಿಂದ ಕೋಣೆಯದನ್ನು ಕಳೆದು, ವ್ಯತ್ಯಾಸವನ್ನೇ ಕೊಡಿ. ನಿಮ್ಮ ಥರ್ಮಾಮೀಟರ್ ಇಲ್ಲೇ ಕೆಲಸಕ್ಕೆ ಬರುವುದು.

ಮೆಮೊರಿಯನ್ನೂ ನೋಡಿಕೊಳ್ಳಿ. ಡಿಡಿಆರ್5-6000 ಅಂತ ಬರೆದ ರ‍್ಯಾಮ್ ಹಾಕಿದ ಮಾತ್ರಕ್ಕೆ 6000ದ ವೇಗದಲ್ಲಿ ಓಡುವುದಿಲ್ಲ. ಬಯೋಸ್‌ನಲ್ಲಿ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್ ಪುಟ) ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಅನ್ನುವ ಮೆಮೊರಿ ವೇಗದ ಸೆಟ್ಟಿಂಗ್ ಆನ್ ಮಾಡುವ ತನಕ ಸಾಮಾನ್ಯವಾಗಿ 4800ರಲ್ಲೇ ಇರುತ್ತದೆ. ಬಯೋಸ್ ಅಪ್‌ಡೇಟ್ ಮಾಡಿದಾಗ ಈ ಸೆಟ್ಟಿಂಗ್ ಅಳಿಸಿ ಹೋಗುವುದೂ ಉಂಟು. ಹಾಗಾಗಿ ಪ್ರತಿ ಸುತ್ತಿಗೂ ಮೊದಲು ಒಮ್ಮೆ ಕಣ್ಣು ಹಾಯಿಸಿ.

ಪ್ರೊಸೆಸರನ್ನು 1080ಪಿಯಲ್ಲಿ (4ಕೆಗಿಂತ ಕಡಿಮೆ ರೆಸಲ್ಯೂಷನ್) ಪರೀಕ್ಷಿಸಿದರೆ "ಇಷ್ಟು ದೊಡ್ಡ ಕಾರ್ಡ್ ಇಟ್ಟುಕೊಂಡು 1080ಪಿಯಲ್ಲಿ ಯಾರು ಆಡುತ್ತಾರೆ" ಅಂತ ಕೇಳುವವರು ಇದ್ದೇ ಇರುತ್ತಾರೆ. ಅವರಿಗೆ ತಾಳ್ಮೆಯಿಂದ ಉತ್ತರ ಕೊಡಿ. 4ಕೆಯಲ್ಲಿ ಕೆಲಸವೆಲ್ಲ ಕಾರ್ಡಿನ ತಲೆ ಮೇಲೆ ಬೀಳುತ್ತದೆ, ಎಲ್ಲ ಪ್ರೊಸೆಸರ್‌ಗಳೂ ಒಂದೇ ತರಹ ಕಾಣುತ್ತವೆ. ಎರಡು ವರ್ಷ ಬಿಟ್ಟು ಕಾರ್ಡ್ ಬದಲಿಸಿದಾಗ ಯಾವ ಪ್ರೊಸೆಸರ್ ಅಡ್ಡ ಬರುತ್ತದೆ ಅನ್ನುವುದು ಕಡಿಮೆ ರೆಸಲ್ಯೂಷನ್‌ನಲ್ಲೇ ಗೊತ್ತಾಗುವುದು.

ಕೊನೆಯದಾಗಿ, ಕಾರ್ಡಿಗೆ ಹೊಸ ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಬಂದ ಮೇಲೆ ಹಳೆಯ ಅಂಕಿಗಳನ್ನು ಹೊಸ ಗ್ರಾಫಿನಲ್ಲಿ ತುರುಕಬೇಡಿ. ಹಳೆಯ ಕಾರ್ಡುಗಳನ್ನೂ ಮತ್ತೆ ಓಡಿಸಿ. ಬೇಸರದ ಕೆಲಸ ಇದು. ಆದರೂ ಮಾಡಲೇಬೇಕು. ಆಗದಿದ್ದರೆ ಗ್ರಾಫಿನಿಂದ ಹಳೆಯ ಕಾರ್ಡನ್ನೇ ತೆಗೆದುಬಿಡಿ.

ಓದುಗರೊಬ್ಬರು:

ಲ್ಯಾಬ್ ಇಲ್ಲ ಅಂತ ಹಿಂಜರಿಯಬೇಡಿ. ಎನ್‌ವಿಡಿಯಾದ ಜಿಟಿಎಕ್ಸ್ 970 ಗ್ರಾಫಿಕ್ಸ್ ಕಾರ್ಡ್ ನೆನಪಿದೆಯಲ್ವಾ? 2014ರ ಸೆಪ್ಟೆಂಬರಿನಲ್ಲಿ ಬಂತು, ವಿಮರ್ಶೆಗಳೆಲ್ಲ ಹೊಗಳಿದವು. ಅದರ 4 ಜಿಬಿ ಮೆಮೊರಿಯಲ್ಲಿ ಕೊನೆಯ ಅರ್ಧ ಜಿಬಿ ತುಂಬಾ ನಿಧಾನ ಅನ್ನುವುದನ್ನು ಬೆಳಕಿಗೆ ತಂದವರು ದಿನಾ ಬಳಸುತ್ತಿದ್ದ ಸಾಮಾನ್ಯ ಜನ. 3.5 ಜಿಬಿ ದಾಟುವಾಗ ಏನಾಗುತ್ತದೆ ಅಂತ ಅವರು ಕೆದಕಿ ನೋಡಿದರು. 2015ರ ಜನವರಿಯಲ್ಲಿ ಎನ್‌ವಿಡಿಯಾ ತಾನು ವಿಮರ್ಶಕರಿಗೆ ಕೊಟ್ಟ ವಿವರಗಳೇ ತಪ್ಪಾಗಿದ್ದವು ಅಂತ ಒಪ್ಪಿಕೊಂಡಿತು. ಆರ್‌ಒಪಿ (ಪಿಕ್ಸೆಲ್‌ಗಳನ್ನು ಅಂತಿಮವಾಗಿ ಮೆಮೊರಿಗೆ ಬರೆಯುವ ಘಟಕ) 64 ಅಂದಿದ್ದರು, ಇದ್ದದ್ದು 56. ಕಂಪನಿ ಕೊಟ್ಟ ವಿವರದ ಹಾಳೆಯನ್ನು ನಕಲು ಮಾಡಿದರೆ ವಿಮರ್ಶೆ ಆಗುವುದಿಲ್ಲ.

ಎಸ್‌ಎಸ್‌ಡಿ ಬಗ್ಗೆ ಬರೆಯುವವರು:

ಎಸ್‌ಎಸ್‌ಡಿಗೆ ದುಬಾರಿ ಉಪಕರಣ ಬೇಕಿಲ್ಲ. ಪೆಟ್ಟಿಗೆ ಮೇಲೆ ಸೆಕೆಂಡಿಗೆ 7000 ಎಂಬಿ ಅಂತ ಇರುತ್ತದೆ. ಕ್ರಿಸ್ಟಲ್‌ಡಿಸ್ಕ್‌ಮಾರ್ಕ್ ಅನ್ನುವ ವೇಗ ಅಳೆಯುವ ಸಾಫ್ಟ್‌ವೇರ್ ಓಡಿಸಿದರೆ ಅದೇ ಬರುತ್ತದೆ, ಯಾಕೆಂದರೆ ಆ ಪರೀಕ್ಷೆಯ ಬರಹವೆಲ್ಲ ಎಸ್‌ಎಲ್‌ಸಿ ಕ್ಯಾಶ್ ಅನ್ನುವ ಬೇಗ ಬರೆಯುವ ಭಾಗದ ಒಳಗೇ ಮುಗಿದುಹೋಗುತ್ತದೆ. ಡ್ರೈವ್ ತುಂಬುವ ತನಕ ನಿಲ್ಲಿಸದೆ ಬರೆಯಿರಿ, ವೇಗ ಎಲ್ಲಿ ಬಿತ್ತು, ಎಷ್ಟಕ್ಕೆ ಬಿತ್ತು ಅಂತ ಗುರುತು ಹಾಕಿ. ಕೆಲವು ಕ್ಯೂಎಲ್‌ಸಿ ಡ್ರೈವ್‌ಗಳು (ಒಂದು ಕೋಶದಲ್ಲಿ ನಾಲ್ಕು ಬಿಟ್ ಇಡುವಂಥವು) ಕ್ಯಾಶ್ ಮುಗಿದ ಮೇಲೆ ಹಳೆಯ ಹಾರ್ಡ್ ಡಿಸ್ಕ್‌ಗಿಂತ ಕೆಳಗೆ ಇಳಿಯುತ್ತವೆ. ಇದೇ ಪರೀಕ್ಷೆಯನ್ನು ಮುಕ್ಕಾಲು ತುಂಬಿದ ಡ್ರೈವ್ ಮೇಲೂ ಮಾಡಿ, ನಾವೆಲ್ಲ ಬಳಸುವುದು ಹಾಗೇ ಅಲ್ವಾ.

ಡ್ರೈವನ್ನು ನಡೆಸುವ ಕಂಟ್ರೋಲರ್ ಮತ್ತು ಡೇಟಾ ಇಡುವ ಫ್ಲ್ಯಾಶ್ ಚಿಪ್ ಯಾವುದು ಅಂತ ಬರೆದಿಡಿ, ಫರ್ಮ್‌ವೇರ್ (ಡ್ರೈವ್‌ನೊಳಗಿನ ಸಾಫ್ಟ್‌ವೇರ್) ಸಂಖ್ಯೆಯನ್ನೂ ಕೊಡಿ. ಅದೇ ಹೆಸರಿನ ಡ್ರೈವ್‌ನೊಳಗೆ ಕೆಲವು ತಿಂಗಳ ಮೇಲೆ ಬೇರೆ ಚಿಪ್ ಬಂದಿರಬಹುದು. ಆಗ ನಿಮ್ಮ ವಿಮರ್ಶೆ ಯಾವುದರ ಬಗ್ಗೆ ಅನ್ನುವುದು ಓದುಗರಿಗೆ ಗೊತ್ತಾಗಬೇಕು.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಧನ್ಯವಾದ. ಇನ್ನೊಂದು ಸಂದೇಹ. ಕಾರ್ಡು, ಡ್ರೈವ್‌ಗಳನ್ನು ಅಳೆಯಬಹುದು. ಮೌಸು, ಕೀಬೋರ್ಡು ಕೈಗೆ ಹಿಡಿಸುವ ವಿಷಯ. "ನನಗೆ ಇಷ್ಟ ಆಯಿತು" ಅಂದರೆ ಬೇರೆಯವರಿಗೆ ಏನು ಪ್ರಯೋಜನ?

ಮೌಸ್, ಕೀಬೋರ್ಡ್ ಪರೀಕ್ಷಿಸುವವರು:

ಇದಕ್ಕೇ ಕಾಯುತ್ತಿದ್ದೆ. ಇಷ್ಟ ಆಯಿತು ಅನ್ನುವುದರಿಂದ ಪ್ರಯೋಜನ ಇದೆ, ಆದರೆ ಯಾರಿಗೆ ಇಷ್ಟ ಆಯಿತು ಅಂತ ಗೊತ್ತಿದ್ದರೆ ಮಾತ್ರ. ನಿಮ್ಮ ಅಂಗೈಯ ಉದ್ದ, ಅಗಲ ಬರೆಯಿರಿ. ಮೌಸನ್ನು ಪೂರ್ತಿ ಅಂಗೈ ಇಟ್ಟು ಹಿಡಿಯುತ್ತೀರೋ, ಬೆರಳು ಬಾಗಿಸಿ ಕ್ಲಾ ಹಿಡಿತದಲ್ಲೋ, ಬರೀ ಬೆರಳ ತುದಿಯಲ್ಲೋ ಹೇಳಿ. ಆಮೇಲೆ ಸಣ್ಣ ಕೈಯವರು, ದೊಡ್ಡ ಕೈಯವರು ಇಬ್ಬರ ಕೈಗೂ ಕೊಟ್ಟು ನೋಡಿ. ಬಲಗೈ ಆಕಾರದ ಮೌಸ್ ಆದರೆ ಎಡಗೈಯವರಿಗೆ ಆಗುವುದಿಲ್ಲ ಅನ್ನುವುದನ್ನು ಮೊದಲ ಸಾಲಿನಲ್ಲೇ ಹೇಳಿಬಿಡಿ.

ಅಳೆಯುವಂಥದ್ದೂ ಬೇಕಾದಷ್ಟಿದೆ. ತೂಕವನ್ನು ನೀವೇ ತೂಗಿ. ಸೆನ್ಸರ್ 26,000 ಡಿಪಿಐ (ಮೌಸ್ ಒಂದು ಇಂಚು ಸರಿದರೆ ಎಣಿಸುವ ಬಿಂದುಗಳು) ಅಂತ ಪೆಟ್ಟಿಗೆ ಕೂಗುತ್ತದೆ, ಶೂಟರ್ (ಗುಂಡು ಹಾರಿಸುವ ಆಟ) ಆಡುವವರಲ್ಲಿ ಹೆಚ್ಚಿನವರು 400ರಿಂದ 1600ರ ಒಳಗೇ ಇರುತ್ತಾರೆ. ಆ ಅಂಕಿಗೆ ಜಾಗ ಕೊಡುವ ಬದಲು, 800 ಅಂತ ಇಟ್ಟರೆ ನಿಜವಾಗಿ 800 ಇದೆಯಾ ನೋಡಿ. ಪಟ್ಟಿ ಇಟ್ಟು ಗೊತ್ತಾದ ದೂರ ಸರಿಸಿ, ಎಣಿಕೆ ನೋಡಿದರೆ ಸಾಕು. ಮೌಸ್ ಎಷ್ಟು ಎತ್ತಿದರೆ ಸೆನ್ಸರ್ ನಿಲ್ಲುತ್ತದೆ ಅನ್ನುವುದೂ ಮುಖ್ಯ. ಕಡಿಮೆ ಡಿಪಿಐನಲ್ಲಿ ಆಡುವವರು ಪದೇ ಪದೇ ಮೌಸ್ ಎತ್ತಿ ಇಡುತ್ತಾರೆ.

ಪೋಲಿಂಗ್ ದರದ, ಅಂದರೆ ಮೌಸ್ ಸೆಕೆಂಡಿಗೆ ಎಷ್ಟು ಸಲ ಪಿಸಿಗೆ ವರದಿ ಕೊಡುತ್ತದೆ ಅನ್ನುವುದರ ಬಗ್ಗೆ ಈಗ ಗದ್ದಲ ಜಾಸ್ತಿ. 1000 ಹರ್ಟ್ಸ್ ಅಂದರೆ ಮಿಲಿಸೆಕೆಂಡಿಗೊಮ್ಮೆ ವರದಿ, 8000 ಅಂದರೆ 0.125 ಮಿಲಿಸೆಕೆಂಡಿಗೊಮ್ಮೆ. ಉಳಿತಾಯ ಒಂದು ಮಿಲಿಸೆಕೆಂಡಿಗಿಂತ ಕಡಿಮೆ. 60 ಹರ್ಟ್ಸ್ ಮಾನಿಟರ್ ಇರುವವರಿಗೆ ಇದು ಗೊತ್ತಾಗುವುದಿಲ್ಲ. ಆದರೆ ಪ್ರೊಸೆಸರ್ ಮೇಲೆ ಹೊರೆ ಬೀಳುತ್ತದೆ, ವೈರ್‌ಲೆಸ್ ಮೌಸಿನ ಬ್ಯಾಟರಿ ಬೇಗ ಇಳಿಯುತ್ತದೆ. ಈ ಎರಡನ್ನೂ ಅಳೆದು ಹಾಕಿ.

ತಯಾರಕರ ಸಾಫ್ಟ್‌ವೇರ್ ತೆಗೆದುಹಾಕಿ ಮೌಸನ್ನು ಬೇರೆ ಪಿಸಿಗೆ ಚುಚ್ಚಿ ನೋಡಿ. ಸೆಟ್ಟಿಂಗ್ ಮೌಸಿನಲ್ಲೇ ಉಳಿಯಿತಾ? ಇದನ್ನು ಬರೆಯುವವರು ಬಹಳ ಕಡಿಮೆ, ತಿಳಿಯಬೇಕಾದವರು ಬಹಳ ಜನ.

ಕೀಬೋರ್ಡ್‌ಗೆ ಬಂದರೆ, ಅಳತೆಗೆ ಒಂದು ಆಧಾರ ಇಟ್ಟುಕೊಳ್ಳಿ. ಚೆರ್ರಿ ಎಂಎಕ್ಸ್ ರೆಡ್ ಸ್ವಿಚ್ (ಕೀಯ ಕೆಳಗಿರುವ ಭಾಗ) ಬಹಳ ಜನರಿಗೆ ಗೊತ್ತು: 45 ಸೆಂಟಿನ್ಯೂಟನ್ ಒತ್ತಡ, 2 ಮಿಲಿಮೀಟರ್ ಇಳಿದಾಗ ಕೀ ದಾಖಲಾಗುತ್ತದೆ, ಪೂರ್ತಿ ಇಳಿತ 4 ಮಿಲಿಮೀಟರ್. ಇದಕ್ಕಿಂತ ಗಟ್ಟಿ, ಇದಕ್ಕಿಂತ ಹಗುರ ಅಂದರೆ ಓದುವವರ ಬೆರಳಿಗೆ ಅರ್ಥವಾಗುತ್ತದೆ. ಹಾಲ್ ಎಫೆಕ್ಟ್ ಕೀಗಳಲ್ಲಿ ಆಯಸ್ಕಾಂತ ಎಷ್ಟು ಇಳಿಯಿತು ಅಂತ ಸೆನ್ಸರ್ ಓದುತ್ತದೆ, ಹಾಗಾಗಿ ದಾಖಲಾಗುವ ಬಿಂದುವನ್ನು ನಾವೇ ಬದಲಿಸಬಹುದು. ರ‍್ಯಾಪಿಡ್ ಟ್ರಿಗರ್ ಇದ್ದರೆ ಬೆರಳು ಸ್ವಲ್ಪ ಮೇಲೆದ್ದ ಕೂಡಲೇ ಕೀ ಬಿಟ್ಟಂತೆ. ಇಲ್ಲಿ ಒಂದು ಎಚ್ಚರಿಕೆ ಖಂಡಿತ ಬರೆಯಬೇಕು. ಎದುರು ದಿಕ್ಕಿನ ಎರಡು ಕೀ ಒಟ್ಟಿಗೆ ಒತ್ತಿದಾಗ ಹಳೆಯದನ್ನು ತಾನೇ ಬಿಡಿಸುವ ಸ್ನ್ಯಾಪ್ ಟ್ಯಾಪ್ ತರಹದ ಸೌಲಭ್ಯವನ್ನು ವಾಲ್ವ್ ಕಂಪನಿ 2024ರ ಆಗಸ್ಟಿನಲ್ಲಿ ತನ್ನ ಶೂಟರ್ ಆಟ ಕೌಂಟರ್-ಸ್ಟ್ರೈಕ್ 2ರ ಅಧಿಕೃತ ಸರ್ವರ್‌ಗಳಲ್ಲಿ ನಿಷೇಧಿಸಿತು. ಕೀಬೋರ್ಡಿನಲ್ಲಿ ಈ ಸೌಲಭ್ಯ ಇದೆ ಅಂತ ಹೊಗಳಿ, ಇದನ್ನು ಹೇಳದಿದ್ದರೆ ಓದುಗರು ಪಂದ್ಯದಿಂದ ಹೊರಗೆ ಬೀಳುತ್ತಾರೆ.

ಸದ್ದು ರೆಕಾರ್ಡ್ ಮಾಡಿದರೆ ಅದೇ ಮೈಕ್, ಅದೇ ದೂರ, ಅದೇ ಮೇಜು. ಸ್ಪೇಸ್‌ಬಾರ್ ಗಲಗಲ ಅನ್ನುತ್ತದಾ ಕೇಳಿಸಿ.

ಇನ್ನೊಂದು ಮಾತು. ಮೌಸಿನ ದೊಡ್ಡ ಕಾಯಿಲೆ ಮೊದಲ ವಾರದಲ್ಲಿ ಕಾಣುವುದೇ ಇಲ್ಲ. ಒಂದು ಸಲ ಒತ್ತಿದರೆ ಎರಡು ಕ್ಲಿಕ್ ಆಗುವುದು ಲೋಹದ ಸಂಪರ್ಕ ಸವೆದ ಮೇಲೆ. ಎಬಿಎಸ್ ಪ್ಲಾಸ್ಟಿಕ್ಕಿನ ಕೀಕ್ಯಾಪ್ ಎಣ್ಣೆ ಹಚ್ಚಿದ ಹಾಗೆ ಹೊಳೆಯಲು ಶುರುವಾಗುವುದೂ ತಿಂಗಳುಗಳ ನಂತರವೇ. ಹಾಗಾಗಿ ಅದನ್ನೇ ದಿನಾ ಬಳಸಿ, ಹಳೆಯ ಬರಹಕ್ಕೆ ಹೊಸ ತಾರೀಖಿನ ಟಿಪ್ಪಣಿ ಸೇರಿಸುತ್ತಾ ಹೋಗಿ. ನಾನು ಬೇರೆಯವರ ವಿಮರ್ಶೆ ಓದುವಾಗ ಮೊದಲು ಹುಡುಕುವುದೇ ಆ ಟಿಪ್ಪಣಿ.

ಮಾನಿಟರ್ ಇಟ್ಟುಕೊಂಡವರು:

ಚಿಕ್ಕದಾಗಿ ಹೇಳುತ್ತೇನೆ. ಪೆಟ್ಟಿಗೆಯ "1 ಮಿಲಿಸೆಕೆಂಡ್" (ಪಿಕ್ಸೆಲ್ ಬಣ್ಣ ಬದಲಿಸಲು ಹಿಡಿಯುವ ಸಮಯ) ಬಹಳ ಸಲ ಓವರ್‌ಡ್ರೈವ್, ಅಂದರೆ ಪಿಕ್ಸೆಲ್ ಬೇಗ ಬದಲಾಗುವಂತೆ ದೂಡುವ ಸೆಟ್ಟಿಂಗ್, ಅತಿ ಹೆಚ್ಚಿದ್ದಾಗ ಮಾತ್ರ ಸಿಗುತ್ತದೆ. ಆಗ ಓಡುವ ವಸ್ತುವಿನ ಹಿಂದೆ ಬಿಳಿಚಿದ ನೆರಳು ಬರುತ್ತದೆ. ಬ್ಲರ್ ಬಸ್ಟರ್ಸ್ ಜಾಲತಾಣದ ಯುಎಫ್‌ಒ ಪರೀಕ್ಷೆ (ತೆರೆಯ ಮೇಲೆ ಓಡುವ ಚಿತ್ರ) ಹಾಕಿ ಪ್ರತಿ ಓವರ್‌ಡ್ರೈವ್ ಮಟ್ಟದ ಫೋಟೋ ತೆಗೆಯಿರಿ. ಫೋನಿನ 240 ಎಫ್‌ಪಿಎಸ್ ವಿಡಿಯೋದಿಂದ ವಿಳಂಬ ಅಳೆಯಬಹುದು, ಆದರೆ ಒಂದು ಫ್ರೇಮೇ 4.2 ಮಿಲಿಸೆಕೆಂಡ್. ಅದಕ್ಕಿಂತ ಸಣ್ಣ ವ್ಯತ್ಯಾಸವನ್ನು ಅದರಿಂದ ಹೇಳಬೇಡಿ.

ಪವರ್ ಸಪ್ಲೈ ಬಗ್ಗೆ ಒಬ್ಬರು:

ಇದನ್ನು ಬಿಟ್ಟುಬಿಡಿ. ಪಿಸಿ ಆನ್ ಆಯಿತು, ಸದ್ದಿಲ್ಲ, ಚೆನ್ನಾಗಿದೆ ಅಂತ ಬರೆದರೆ ಓದುಗರ ಇಡೀ ಪಿಸಿಯನ್ನು ಅಪಾಯಕ್ಕೆ ಒಡ್ಡಿದ ಹಾಗೆ. 80 ಪ್ಲಸ್ ಗುರುತು ವಿದ್ಯುತ್ ಎಷ್ಟು ಪೋಲಾಗುತ್ತದೆ ಅಂತ ಮಾತ್ರ ಹೇಳುತ್ತದೆ. ಓವರ್‌ಲೋಡ್ ಆದಾಗ ತಾನೇ ಆಫ್ ಆಗುತ್ತದಾ, 12 ವೋಲ್ಟಿನ ರಿಪಲ್ (ವೋಲ್ಟೇಜಿನ ಸಣ್ಣ ಏರಿಳಿತ) ಪವರ್ ಸಪ್ಲೈಗಳ ಎಟಿಎಕ್ಸ್ ಮಾನದಂಡದ ಮಿತಿಯಾದ 120 ಮಿಲಿವೋಲ್ಟ್ ಒಳಗಿದೆಯಾ ಅಂತ ತಿಳಿಯಲು ಎಲೆಕ್ಟ್ರಾನಿಕ್ ಲೋಡ್, ಆಸಿಲೋಸ್ಕೋಪ್ ಬೇಕು. ಒಳಗೆ ನೋಡೋಣ ಅಂತ ಬಿಚ್ಚಲೂಬೇಡಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಅಪಾಯದಷ್ಟು ವೋಲ್ಟೇಜ್ ಉಳಿದಿರಬಹುದು.

ಕಂಪನಿಗಳ ಜೊತೆ ವ್ಯವಹಾರ ನೋಡಿದವರು:

ಸ್ವಲ್ಪ ಹೆಸರು ಬಂದ ಮೇಲೆ ವಸ್ತುಗಳನ್ನು ಕಳಿಸಲು ಶುರು ಮಾಡುತ್ತಾರೆ. ತೆಗೆದುಕೊಳ್ಳಿ, ತಪ್ಪಿಲ್ಲ. ಕೊಂಡದ್ದೋ, ಕಳಿಸಿದ್ದೋ, ವಾಪಸ್ ಕೊಡಬೇಕಾದದ್ದೋ ಅಂತ ಬರಹದ ಮೇಲ್ಭಾಗದಲ್ಲೇ ಹೇಳಿ. ಇಂಥ ತಾರೀಖಿನ ತನಕ ಪ್ರಕಟಿಸಬೇಡಿ ಅನ್ನುವ ಎಂಬಾರ್ಗೋ ಮಾಮೂಲು, ಅದಕ್ಕೆ ಒಪ್ಪಬಹುದು. ಪ್ರಕಟಿಸುವ ಮುಂಚೆ ನಮಗೆ ತೋರಿಸಿ ಅಂದರೆ ಮಾತ್ರ ಪೆಟ್ಟಿಗೆ ವಾಪಸ್ ಕಳಿಸಿ. ಒಬ್ಬ ತಯಾರಕರು ನನ್ನನ್ನು ಹಾಗೆ ಕೇಳಿದ್ದರು, ಆಗುವುದಿಲ್ಲ ಅಂದೆ. ಅವರು ಮತ್ತೆ ಏನನ್ನೂ ಕಳಿಸಲಿಲ್ಲ. ಅವರ ಮುಂದಿನ ವಸ್ತುವನ್ನು ಗೆಳೆಯರಿಂದ ಕಡ ತಂದು ಬರೆದೆ. ಅಂಗಡಿಯಿಂದ ಬಂದ ವಸ್ತು ಅದು, ಆರಿಸಿ ಕಳಿಸಿದ್ದಲ್ಲ. ನನಗೆ ಅದೇ ಹೆಚ್ಚು ನಂಬಿಕೆ.

ಪ್ರಶ್ನೆ ಕೇಳಿದವರು:

ಹಾಗಾದರೆ ಎಸ್‌ಎಸ್‌ಡಿ ಮತ್ತು ಮೌಸಿನಿಂದ ಶುರು ಮಾಡುತ್ತೇನೆ. ಪವರ್ ಸಪ್ಲೈ ಮುಟ್ಟುವುದಿಲ್ಲ.

ಗ್ರಾಫಿಕ್ಸ್ ಕಾರ್ಡ್, ಪ್ರೊಸೆಸರ್ ಪರೀಕ್ಷಿಸುವವರು:

ಒಳ್ಳೆಯ ಆಯ್ಕೆ. ಪರೀಕ್ಷೆಯ ಮೂಲ ಫೈಲ್‌ಗಳನ್ನು ಮಾತ್ರ ಅಳಿಸಬೇಡಿ. ಫೈಲಿನ ಹೆಸರಲ್ಲೇ ತಾರೀಖು, ಫರ್ಮ್‌ವೇರ್, ಕೋಣೆಯ ಉಷ್ಣತೆ ಇರಲಿ. ಯಾರಾದರೂ ನಿಮ್ಮ ಅಂಕಿ ಸರಿಯಿಲ್ಲ ಅಂದರೆ ಆ ಫೈಲನ್ನೇ ಅವರಿಗೆ ಕೊಡಿ, ಅವರೂ ಲೆಕ್ಕ ಹಾಕಿ ನೋಡಲಿ. ಮೊದಲ ಎಸ್‌ಎಸ್‌ಡಿ ಗ್ರಾಫ್ ಸಿದ್ಧವಾದಾಗ ಇಲ್ಲಿ ಹಾಕಿ, ನಾವೆಲ್ಲ ನೋಡಿ ಹೇಳುತ್ತೇವೆ.