ಐಲಾ ಬಂದುಹೋದದ್ದು ಒಂದೇ ದಿನ. ಸುಂದರಬನದ ಗದ್ದೆಗಳು ವರ್ಷಗಟ್ಟಲೆ ಬೀಳುಬಿದ್ದದ್ದೇಕೆ?

ಪ್ರಶ್ನೆ (ತೀರ್ಥಹಳ್ಳಿಯಿಂದ):
2009ರ ಮೇ 25ರಂದು ಐಲಾ ಚಂಡಮಾರುತ ಅಪ್ಪಳಿಸಿದ ಮೇಲೆ ಪಶ್ಚಿಮ ಬಂಗಾಳದ ಗೋಸಾಬಾ, ಹಿಂಗಲ್‌ಗಂಜ್ ಕಡೆಯ ದ್ವೀಪಗಳಲ್ಲಿ ಅನೇಕ ಗದ್ದೆಗಳು ವರ್ಷಗಟ್ಟಲೆ ಭತ್ತ ಕಾಣಲಿಲ್ಲವೆಂದು ಓದಿದೆ. ನಮ್ಮಲ್ಲಿ ತುಂಗೆಯ ನೆರೆ ಗದ್ದೆಗೆ ನುಗ್ಗಿದರೂ ಮರುವರ್ಷ ನಾಟಿ ನಿಲ್ಲುವುದಿಲ್ಲ. ಅಲ್ಲಿ ಹಾಗೇಕಾಯಿತು? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ತುಂಗೆಯದು ಸಿಹಿನೀರು, ಅಲ್ಲಿ ನುಗ್ಗಿದ್ದು ಉಪ್ಪುನೀರು. ಸುಂದರಬನದ ಜನವಸತಿಯ ದ್ವೀಪಗಳನ್ನು ಸುಮಾರು 3,500 ಕಿಲೋಮೀಟರ್ ಉದ್ದದ ಒಡ್ಡುಗಳು, ಹೆಚ್ಚಾಗಿ ಮಣ್ಣಿನವು, ಕಾಯುತ್ತಿವೆ. ಬ್ರಿಟಿಷರ ಕಾಲದಿಂದಲೂ ಈ ಒಡ್ಡುಗಳು ಉಬ್ಬರದ ನೀರನ್ನು ತಡೆಯುವುದರ ಜೊತೆಗೆ ಅದು ತರುವ ಮೆಕ್ಕಲನ್ನೂ ತಡೆದಿರುವುದರಿಂದ, ಒಳಗಿನ ನೆಲ ಏರಲೇ ಇಲ್ಲ. ಎಷ್ಟೋ ಕಡೆ ಅದು ಉಬ್ಬರದ ಮಟ್ಟಕ್ಕಿಂತ ಕೆಳಗಿದೆ. ಹೀಗಾಗಿ ಗಾಳಿ ಒಂದೇ ದಿನಕ್ಕೆ ಅಡಗಿದರೂ, ಒಡೆದ ಒಡ್ಡನ್ನು ಕಟ್ಟುವವರೆಗೆ ದಿನಕ್ಕೆರಡು ಬಾರಿ ಉಪ್ಪುನೀರು ಒಳಬರುತ್ತಲೇ ಇರುತ್ತದೆ. ಮಣ್ಣಿಗಿಳಿದ ಉಪ್ಪನ್ನು ತೊಳೆಯಲು ಮಳೆಯ ಹೊರತು ಬೇರೆ ನೀರಿಲ್ಲ.

ಉತ್ತರ 2 (ಕುಮಟಾದಿಂದ):
ಅಘನಾಶಿನಿಯ ಅಳಿವೆಯ ಗಜನಿ ಗದ್ದೆಗಳನ್ನು (ಉಬ್ಬರದ ಉಪ್ಪುನೀರು ತಲುಪುವ ತಗ್ಗು ಗದ್ದೆಗಳನ್ನು) ನೋಡುತ್ತಾ ಬೆಳೆದವನಾದ್ದರಿಂದ ಈ ಸಂಕಟ ನನಗೆ ಪರಿಚಿತ. ನಮ್ಮಲ್ಲಿ ಮಳೆಗಾಲದಲ್ಲಿ ಕಗ್ಗ ಭತ್ತ ಬೆಳೆದು, ಕೊಯ್ಲಾದ ಮೇಲೆ ಉಪ್ಪುನೀರನ್ನು ನಾವೇ ಒಳಬಿಟ್ಟು ಸೀಗಡಿ, ಮೀನು ಹಿಡಿಯುತ್ತಿದ್ದೆವು. ಕಗ್ಗ ಉಪ್ಪನ್ನೂ ನಿಂತ ನೀರನ್ನೂ ತಾಳುತ್ತದೆ. ಸುಂದರಬನದಲ್ಲಿಯೂ ನೋನಾ ಬೊಕ್ರಾದಂತಹ ತಳಿಗಳಿದ್ದವು. ಆದರೆ ಹೆಚ್ಚು ಇಳುವರಿಯ ಬೀಜ ಬಂದ ಮೇಲೆ ಅವು ರೈತರ ಕಣಜದಿಂದ ಮರೆಯಾಗಿ, ಐಲಾ ನಂತರ ಹುಡುಕಬೇಕಾಯಿತು. ಇಲ್ಲಿ ಕಗ್ಗದ ಬೀಜವೂ ಅದೇ ದಾರಿ ಹಿಡಿದಿರುವುದು ನನ್ನನ್ನು ಕಾಡುತ್ತದೆ.

ಉತ್ತರ 3:
ಗದ್ದೆಯಷ್ಟೇ ಅಲ್ಲ, ಮನೆಯ ಪಕ್ಕದ ಕೊಳವನ್ನೂ ನೆನೆಯಬೇಕು. ಪಾತ್ರೆ ತೊಳೆಯಲು, ಸ್ನಾನಕ್ಕೆ, ದನಕ್ಕೆ, ಮೀನು ಸಾಕಲು ಅದೇ ಆಧಾರ. ಅದಕ್ಕೆ ಉಪ್ಪು ಸೇರಿದರೆ ಮೀನು ಸತ್ತು ನೀರು ಕೊಳೆಯುತ್ತದೆ, ಹೆಂಗಸರು ನೀರಿಗಾಗಿ ಬಹುದೂರ ನಡೆಯಬೇಕಾಗುತ್ತದೆ. ಐಲಾ ನಂತರ ಗಂಡಸರು ಕೂಲಿಗಾಗಿ ಕೇರಳ, ತಮಿಳುನಾಡುಗಳಿಗೆ ಹೋದರು. 2020ರ ಮೇ 20ರಂದು ಆಂಫಾನ್ ಚಂಡಮಾರುತ ಬಂದಾಗ ಲಾಕ್‌ಡೌನಿನಿಂದ ಆ ಕೂಲಿಯೂ ನಿಂತಿತ್ತು. ಮರುವರ್ಷದ ಮೇ 26ರಂದು, ಹುಣ್ಣಿಮೆಯ ಉಬ್ಬರದ ದಿನವೇ ಬಂದ ಯಾಸ್, ಚೇತರಿಸಿಕೊಳ್ಳುತ್ತಿದ್ದ ನೆಲಕ್ಕೆ ಮತ್ತೆ ಉಪ್ಪುನೀರು ನುಗ್ಗಿಸಿತು. ಮೂರೂ ಮೇ ಕೊನೆಯಲ್ಲೇ ಬಂದವು ಎಂಬುದನ್ನು ಗಮನಿಸಿ. ಮುಂಗಾರು ಇಳಿಯುವ ಮುನ್ನ ಒಡ್ಡು ಕಟ್ಟಿ, ಪಂಪಿನಿಂದ ಕೊಳ ಬರಿದು ಮಾಡಿದರೆ ಮೊದಲ ಮಳೆಯೇ ಸಿಹಿನೀರು ತುಂಬುತ್ತದೆ. ಆದ್ದರಿಂದ ಅಕ್ಕಿಮೂಟೆಯ ಜೊತೆಗೆ ಪಂಪುಗಳೂ ಪರಿಹಾರದ ಮೊದಲ ದೋಣಿಯಲ್ಲೇ ಹೋಗಬೇಕೆಂದು ನನ್ನ ಒತ್ತಾಯ.