ಎಲ್‌ಟಿಎಸ್‌ಪಿ ಲ್ಯಾಬ್: ಹೊಸ ಮಕ್ಕಳ ಖಾತೆ ಸರ್ವರಿನಲ್ಲಿದೆ, ಕ್ಲೈಂಟಿನಲ್ಲಿ ಲಾಗಿನ್ ಆಗುತ್ತಿಲ್ಲ

ಪ್ರಶ್ನೆ (ಪ್ರೌಢಶಾಲಾ ಶಿಕ್ಷಕಿ):
ನಮಸ್ಕಾರ. ನಮ್ಮ ಲ್ಯಾಬಿನಲ್ಲಿ ಒಂದು ಉಬುಂಟು ಸರ್ವರ್ ಮತ್ತು ಅದರಿಂದಲೇ ಬೂಟ್ ಆಗುವ, ಹಾರ್ಡ್ ಡಿಸ್ಕ್ ಇಲ್ಲದ 20 ಕಂಪ್ಯೂಟರ್‌ಗಳಿವೆ (ಇವೇ ಕ್ಲೈಂಟುಗಳು). ಇವನ್ನು ಸರ್ವರಿನಿಂದ ಬೂಟ್ ಮಾಡಿಸುವ ತಂತ್ರಾಂಶ ಎಲ್‌ಟಿಎಸ್‌ಪಿ. ಈ ವಾರ ಎಂಟನೆಯ ತರಗತಿಯ 38 ಮಕ್ಕಳಿಗೆ ಖಾತೆ ತೆರೆದೆ. ಸರ್ವರಿನ ಮುಂದೆಯೇ ಕುಳಿತರೆ ಲಾಗಿನ್ ಆಗುತ್ತದೆ. ಅದೇ ಹೆಸರು, ಅದೇ ಪಾಸ್‌ವರ್ಡನ್ನು ಕ್ಲೈಂಟಿನಲ್ಲಿ ಕೊಟ್ಟರೆ ಒಪ್ಪುವುದಿಲ್ಲ, ಆದರೆ ಹಳೆಯ ಮಕ್ಕಳಿಗೆ ಯಾವ ತೊಂದರೆಯೂ ಇಲ್ಲ. ಒಂದು ಪೀರಿಯಡ್ ಪೂರ್ತಿ ಮಕ್ಕಳು ಲಾಗಿನ್ ಪರದೆಯನ್ನೇ ನೋಡುತ್ತ ಕುಳಿತದ್ದು ಕಂಡು ಸಂಕಟವಾಯಿತು. ಎರಡನೆಯ ಸರ್ವರ್ ಕೂಡ ಬರಲಿದೆ. ಈಗಲೇ ಎಲ್‌ಡಿಎಪಿ (ಎಲ್ಲ ಖಾತೆಗಳನ್ನು ಒಂದೇ ಕಡೆ ಇಡುವ ಕೇಂದ್ರ ಪಟ್ಟಿಯ ವ್ಯವಸ್ಥೆ) ಹಾಕಬೇಕೆ?

ಉತ್ತರ 1 (ಲ್ಯಾಬ್ ನಿರ್ವಾಹಕ):
ಮೇಡಂ, 2019ರಲ್ಲಿ ಹೊಸದಾಗಿ ಬರೆದ ಎಲ್‌ಟಿಎಸ್‌ಪಿಯಲ್ಲಿ ಬಳಕೆದಾರರ ಹೆಸರಿನ ಪಟ್ಟಿ ಕ್ಲೈಂಟಿಗೆ ಬೂಟ್ ಆಗುವಾಗಲೇ ಒಂದು ಪುಟ್ಟ ಇಮೇಜ್ ಕಡತದ ಮೂಲಕ ತಲುಪುತ್ತದೆ. ನೀವು ಖಾತೆ ತೆರೆದದ್ದು ಸರ್ವರಿಗೆ ಗೊತ್ತು, ಆ ಕಡತಕ್ಕೆ ಗೊತ್ತಿಲ್ಲ. ಸರ್ವರಿನಲ್ಲಿ ರೂಟ್ (ಪೂರ್ಣ ಅಧಿಕಾರವಿರುವ ಬಳಕೆದಾರ) ಆಗಿ ‘ಎಲ್‌ಟಿಎಸ್‌ಪಿ ಇನಿಟ್‌ಆರ್‌ಡಿ’ ಆದೇಶವನ್ನು ಒಮ್ಮೆ ಕೊಟ್ಟು, ಕ್ಲೈಂಟುಗಳನ್ನು ರೀಬೂಟ್ ಮಾಡಿ. ಪಾಸ್‌ವರ್ಡ್ ಮಾತ್ರ ಆ ಕಡತದೊಳಗೆ ಹೋಗುವುದಿಲ್ಲ. ಅದರ ಹ್ಯಾಶ್ (ಮೂಲ ಪಾಸ್‌ವರ್ಡ್ ಕಾಣದಂತೆ ಬದಲಿಸಿದ ರೂಪ) ಅದನ್ನು ಇಡುವ ಸರ್ವರಿನ ಶ್ಯಾಡೋ ಕಡತದಲ್ಲೇ ಉಳಿದು, ಮಗು ಟೈಪ್ ಮಾಡಿದ್ದನ್ನು ಕ್ಲೈಂಟು ಎಸ್‌ಎಸ್‌ಎಚ್ ಎಂಬ ಸುರಕ್ಷಿತ ಸಂಪರ್ಕದ ಮೂಲಕ ಸರ್ವರಿಗೆ ಕೇಳಿ ಪರೀಕ್ಷಿಸುತ್ತದೆ. ಆದ್ದರಿಂದ ಪಾಸ್‌ವರ್ಡ್ ಬದಲಾವಣೆಯೂ ಸರ್ವರಿನಲ್ಲೇ ಆಗಬೇಕು. 38 ಮಕ್ಕಳಿಗೆ ಒಟ್ಟಿಗೆ ಬದಲಾಯಿಸಲು ಸಾಲಿಗೊಂದು ಹೆಸರು, ಕೋಲನ್, ಪಾಸ್‌ವರ್ಡ್ ಬರೆದು ಆ ಕಡತವನ್ನು ‘ಸಿಎಚ್‌ಪಾಸ್‌ಡಬ್ಲ್ಯೂಡಿ’ ಆದೇಶಕ್ಕೆ ಕೊಟ್ಟರೆ ಸಾಕು. ಕೆಲಸ ಮುಗಿದ ಮೇಲೆ ಆ ಕಡತವನ್ನು ಅಳಿಸಿಬಿಡಿ. ದಯವಿಟ್ಟು ದಾಖಲಾತಿ ಸಂಖ್ಯೆಯನ್ನು ಪಾಸ್‌ವರ್ಡ್ ಮಾಡಬೇಡಿ. ಅದು ಶಾಲೆಯ ಪಟ್ಟಿಗಳಲ್ಲಿ ಎಲ್ಲರ ಕಣ್ಣಿಗೂ ಬೀಳುವ ಸಂಖ್ಯೆ.

ಉತ್ತರ 2 (ಕಾಲೇಜು ಉಪನ್ಯಾಸಕ):
ಸರ್ವರ್ ಒಂದೇ ಇರುವವರೆಗೆ ಅದರ ಖಾತೆಗಳೇ ನಿಮ್ಮ ಕೇಂದ್ರ ಪಟ್ಟಿ, ಎಲ್‌ಡಿಎಪಿ ಬೇಕಿಲ್ಲ. ಎರಡಾದಾಗ ಮಾತ್ರ ನಮಗಾದದ್ದು ನಿಮಗಾಗಬಾರದು. ಎರಡೂ ಸರ್ವರುಗಳಲ್ಲಿ ಕೈಯಿಂದಲೇ ಖಾತೆ ತೆರೆದೆವು. ಮೊದಲನೆಯದರಲ್ಲಿ 1042 ಎಂಬ ಯುಐಡಿ (ಪ್ರತಿ ಖಾತೆಗೆ ಸರ್ವರ್ ಕೊಡುವ ಗುರುತಿನ ಸಂಖ್ಯೆ) ಒಬ್ಬ ವಿದ್ಯಾರ್ಥಿನಿಯದಾದರೆ, ಎರಡನೆಯದರಲ್ಲಿ ಅದೇ ಸಂಖ್ಯೆ ಬೇರೊಬ್ಬನದಾಯಿತು. ನೆಟ್‌ವರ್ಕಿನಲ್ಲಿ ಕಡತ ಹಂಚಿಕೊಳ್ಳುವ ಎನ್‌ಎಫ್‌ಎಸ್ ಸಾಮಾನ್ಯವಾಗಿ ಹೆಸರನ್ನಲ್ಲ, ಸಂಖ್ಯೆಯನ್ನು ನೋಡುತ್ತದೆ. ಹೋಮ್ ಫೋಲ್ಡರುಗಳನ್ನು ಹಂಚಿಕೊಂಡ ದಿನವೇ ಅವಳ ಪ್ರಾಜೆಕ್ಟ್ ವರದಿ ಅವನ ಕೈಗೆ ಸಿಕ್ಕಿ, ಅರಿವಿಲ್ಲದೆ ಅವನು ಅದನ್ನು ತಿದ್ದಿ ಉಳಿಸಿಬಿಟ್ಟ. ಎರಡನೆಯ ಸರ್ವರ್ ಬಂದ ಕೂಡಲೇ ಓಪನ್‌ಎಲ್‌ಡಿಎಪಿ ಅಥವಾ ಫ್ರೀಐಪಿಎ (ಎರಡೂ ಎಲ್‌ಡಿಎಪಿ ಒದಗಿಸುವ ತಂತ್ರಾಂಶಗಳು) ಹಾಕಿ ಯುಐಡಿಯನ್ನು ಒಂದೇ ಕಡೆಯಿಂದ ಕೊಡಿ. ಬೂಟ್ ಇಮೇಜಿನಲ್ಲಿ ಆ ಕೇಂದ್ರ ಪಟ್ಟಿಯನ್ನು ಕೇಳಿ ಲಾಗಿನ್ ಮಾಡಿಸುವ ಎಸ್‌ಎಸ್‌ಎಸ್‌ಡಿ ಸಿದ್ಧಪಡಿಸಿ, ಸಂಪರ್ಕ ಟಿಎಲ್‌ಎಸ್ ಎಂಬ ಗೂಢಲಿಪೀಕರಣದ ಮೂಲಕವೇ ಇರಲಿ. ಖಾತೆಗಳನ್ನು ಹಂಚುವ ಹಳೆಯ ವ್ಯವಸ್ಥೆಯಾದ ಎನ್‌ಐಎಸ್ ಸುಲಭವೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಅದರಲ್ಲಿ ಪಾಸ್‌ವರ್ಡ್ ಹ್ಯಾಶ್‌ಗಳು ನೆಟ್‌ವರ್ಕಿನಲ್ಲಿರುವ ಯಾರ ಕೈಗೂ ಸಿಗಬಹುದು.

ಪ್ರಶ್ನೆ ಕೇಳಿದವರು:
ಆದೇಶ ಕೊಟ್ಟು ರೀಬೂಟ್ ಮಾಡಿದೆ, 38 ಖಾತೆಗಳೂ ತೆರೆದುಕೊಂಡವು. ಇಬ್ಬರಿಗೂ ಧನ್ಯವಾದ. ಪಾಸ್‌ವರ್ಡುಗಳನ್ನು ನಾಳೆ ಮಕ್ಕಳಿಂದಲೇ ಆಯ್ಕೆ ಮಾಡಿಸುತ್ತೇನೆ. ಎರಡನೆಯ ಸರ್ವರಿಗೆ ಕೈ ಹಾಕುವ ಮುನ್ನ ಈಗಿರುವ ಖಾತೆಗಳ ಯುಐಡಿ ಪಟ್ಟಿಯನ್ನು ಮುದ್ರಿಸಿ ಇಟ್ಟುಕೊಂಡಿದ್ದೇನೆ.