ಅಪ್‌ಡೇಟ್: ಪಿತ್ತಕೋಶ ತೆಗೆಸಿದ ಮೇಲೂ ಹೊಟ್ಟೆನೋವು

ಪಿತ್ತಕೋಶ ತೆಗೆಸಿ ಎಂಟು ತಿಂಗಳಾದರೂ ಊಟವಾದ ಕೂಡಲೇ ಹೊಟ್ಟೆ ಹಿಂಡುತ್ತೆ, ಟಾಯ್ಲೆಟ್‌ಗೆ ಓಡಬೇಕು, ಸ್ಕ್ಯಾನ್ ಮಾತ್ರ ನಾರ್ಮಲ್ ಅಂತ ಕೇಳಿದ್ದೆನಲ್ಲ. ಎಂಆರ್‌ಸಿಪಿ (ಪಿತ್ತನಾಳ ತೋರಿಸುವ ಎಂಆರ್‌ಐ ಸ್ಕ್ಯಾನ್) ಮಾಡಿಸಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಮಾಡಿಸಿದೆ, ಪಿತ್ತನಾಳದಲ್ಲಿ ಕಲ್ಲು ಉಳಿದಿಲ್ಲ.

ಹೊಸ ಡಾಕ್ಟರು ನನ್ನ ಮಾತು ಪೂರ್ತಿ ಕೇಳಿದರು. ಅದೇ ಅರ್ಧ ಸಮಾಧಾನ. ಹಿಂದೆ ‘ಎಲ್ಲಾ ಟೆನ್ಷನ್’ ಅನ್ನಿಸಿಕೊಂಡು ಅತ್ತಿದ್ದೇನೆ. ಕೂಡಿಡುವ ಚೀಲವಿಲ್ಲದೆ ಪಿತ್ತರಸ ಸದಾ ಕರುಳಿಗೆ ಜಿನುಗುತ್ತೆ, ಹೆಚ್ಚಾದದ್ದು ದೊಡ್ಡ ಕರುಳನ್ನು ಕೆರಳಿಸುತ್ತೆ ಅಂತ ಹೇಳಿ ಪಿತ್ತವನ್ನು ಹಿಡಿದಿಟ್ಟುಕೊಳ್ಳುವ ಕೊಲೆಸ್ಟೈರಮೈನ್ ಪುಡಿ ಬರೆದುಕೊಟ್ಟರು. ಈ ಪುಡಿ ಬೇರೆ ಮಾತ್ರೆಗಳನ್ನೂ ಹಿಡಿದುಬಿಡುತ್ತೆ, ಅದಕ್ಕೆ ಅವನ್ನು ಪುಡಿಗಿಂತ 1 ಗಂಟೆ ಮೊದಲು ಇಲ್ಲವೇ 4–6 ಗಂಟೆ ನಂತರ ತಗೋಬೇಕು. ಥೈರಾಯ್ಡ್ ಮಾತ್ರೆ ನುಂಗುವವರು ಗಮನಿಸಿ.

ಮೂರು ವಾರದಲ್ಲಿ ಓಟ ನಿಂತಿದೆ. ನೋವು ಪೂರ್ತಿ ಹೋಗಿಲ್ಲ, ಕರಿದದ್ದು ತಿಂದ ದಿನ ಬರುತ್ತೆ. ಸ್ವಲ್ಪ ಸ್ವಲ್ಪವೇ ಉಣ್ಣುತ್ತಿದ್ದೇನೆ. ಮುಂದಿನ ತಿಂಗಳು ಮತ್ತೆ ತೋರಿಸಬೇಕು.